ಚಿಕ್ಕಪ್ಪನ ಎಡೆಗೆ ಒಂದು ರೀಮಿಕ್ಸು

ನಮ್ಮ ಮನೆಯಲ್ಲಿ ಯಾರಿಗೂ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಅದಕ್ಕೆ ಕಾರಣ ಹೊಳೆನರಸೀಪುರದಲ್ಲಿದ್ದ ಚಿಕ್ಕಪ್ಪನ ಹಿಟ್ಟಿನ ಮಿಲ್ಲು. ಅಪ್ಪ ತೀರಿಕೊಂಡ ಮೇಲೆ ನಾನು ಬೆಳೆದದ್ದು ಚಿಕ್ಕಪ್ಪ ಚಿಕ್ಕವ್ವರ ಕೈಯಲ್ಲಿ, ಆ ಮಿಲ್ಲಿಗೆ ಆತುಕೊಂಡಿದ್ದ ಮನೆಯಲ್ಲಿ. ಮೋಟಾರು ಹಾಕಿದರೆ ಗೋಡೆ ನಡುಗುತ್ತಿತ್ತು. ಪಕ್ಕದಲ್ಲಿ ಕೂತವರಿಗೂ ಕೂಗಿಯೇ ಹೇಳಬೇಕು. ರಾಗಿ ತಂದ ಹೆಂಗಸರು ಡಬ್ಬಗಳನ್ನು ಸಾಲಿಗಿಟ್ಟು, ತಾವೂ ಸಾಲಾಗಿ ಕೂತು, ಸೊಸೆಯ ಮೇಲಿನ ದೂರನ್ನೂ ಕೂಗಿಕೊಂಡೇ ಹೇಳುತ್ತಿದ್ದರು. ಕರೆಂಟು ಹೋಗಿ ಮಿಲ್ಲು ತಟ್ಟನೆ ನಿಂತಾಗ ಯಾರದೋ ಅರ್ಧ ಮಾತು ಬೀದಿಯ ಕೊನೆಯವರೆಗೂ ಕೇಳಿಬಿಡುತ್ತಿತ್ತು. ನಾನು ಮಾತು ಕಲಿತದ್ದು ಆ ಸಾಲಿನಲ್ಲಿ. ಈಗ ಚನ್ನರಾಯಪಟ್ಟಣದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಗಿರಾಕಿಗಳು, “ಯಾಕ್ ಸಾ ಬೈತೀರಾ?” ಅನ್ನುತ್ತಾರೆ. ಬೈದಿರುವುದಿಲ್ಲ, ಎಷ್ಟು ಕಾಪಿ ಬೇಕು ಅಂತ ಕೇಳಿರುತ್ತೇನೆ, ಅಷ್ಟೆ.

ಮಿಲ್ಲಿಗೆ ಒಂದು ತಾಳವಿತ್ತು. ಬೆಲ್ಟಿನ ಎರಡು ತುದಿಗಳನ್ನು ಕೂಡಿಸಿದ ಕ್ಲಿಪ್ಪು ಚಕ್ರದ ಮೇಲೆ ಬಂದಾಗಲೆಲ್ಲ ‘ಟಪ್’ ಅನ್ನುವುದು. ಟಪ್, ಟಪ್, ಟಪ್, ಬೆಳಗಿನಿಂದ ಸಂಜೆಯವರೆಗೆ. ರಾಗಿ ಸುರಿಯುವ ಮೊದಲು ಸ್ವಲ್ಪ ಹೊತ್ತು ಮಿಲ್ಲನ್ನು ಖಾಲಿ ಓಡಿಸಬೇಕು. ಆಗ ಆ ಸದ್ದು ಬಲು ಸ್ಪಷ್ಟ. ಚಿಕ್ಕಪ್ಪ ಆಗ ಕಣ್ಣು ಮುಚ್ಚಿ ಮಿಲ್ಲಿನ ಮೈಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದರು, ಹಸುವಿನ ಹೊಟ್ಟೆಯಲ್ಲಿ ಕರು ಆಡುತ್ತಿದೆಯೇ ಅಂತ ನೋಡುವವರ ಹಾಗೆ. ಗೋಡೆಗೆ ಹೊಡೆದ ಒಂದು ಉದ್ದ ಹಲಗೆಯ ಮೇಲೆ ಹಾರಿದ ಹಿಟ್ಟು ಬಂದು ಕೂರುತ್ತಿತ್ತು. ಕೂತ ಹಿಟ್ಟು ಸುಮ್ಮನಿರುತ್ತಿರಲಿಲ್ಲ. ಆ ನಡುಕಕ್ಕೆ ಸರಿದು ಸರಿದು, ಕೆರೆಯ ನೀರಿಗೆ ಗಾಳಿ ಬೀಸಿದಂತೆ ಗೆರೆಗೆರೆಯಾಗಿ ನಿಲ್ಲುತ್ತಿತ್ತು. ಚಿಕ್ಕವ್ವ ದಿನಾ ಸಂಜೆ ಅಂಗೈಯ ಅಂಚಿನಿಂದ ಆ ಗೆರೆಗಳನ್ನು ಒರೆಸಿ ಹಿಟ್ಟನ್ನು ಡಬ್ಬಕ್ಕೆ ತಳ್ಳುತ್ತಿದ್ದಳು. ಆ ಹಿಟ್ಟಲ್ಲೇ ನಮ್ಮ ಮನೆಯ ಎಷ್ಟೋ ಮುದ್ದೆ ಆಗಿವೆ.

ಅಷ್ಟು ವರ್ಷ ಆ ಸದ್ದಿನಲ್ಲಿ ನಿಂತವರ ಕಿವಿ ಉಳಿಯುವುದುಂಟೆ. ಚಿಕ್ಕಪ್ಪನಿಗೆ ಮೊದಲು ಮಕ್ಕಳ ದನಿ ಹೋಯಿತು, ಆಮೇಲೆ ಹೆಂಗಸರದ್ದು, ಆಮೇಲೆ ಎಲ್ಲರದ್ದೂ. ಹಾಸನಕ್ಕೆ ಕರೆದುಕೊಂಡು ಹೋಗಿ ಕಿವಿ ಡಾಕ್ಟರಿಗೆ ತೋರಿಸಿ ಮೆಷಿನ್ನು ಹಾಕಿಸಿದೆವು. ಬಸ್ಸು ಹತ್ತುವಷ್ಟರಲ್ಲಿ ಅದನ್ನು ತೆಗೆದು ಜೇಬಿಗೆ ಹಾಕಿಕೊಂಡಿದ್ದರು.

“ಯಾಕ್ ಚಿಕ್ಕಪ್ಪ?” ಅಂತ ಕೈಸನ್ನೆ ಮಾಡಿದೆ.

“ಇದ್ರಲ್ಲಿ ಎಲ್ಲಾರೂ ಡಬ್ಬದೊಳಗೆ ಕೂತ್ಕಂಡು ಮಾತಾಡ್ದಂಗೆ ಕೇಳ್ತದೆ ಕಣ್ಲಾ. ನಿಮ್ ಚಿಕ್ಕವ್ವ ಈಚೆ ಕೂತ್ಕಂಡು ಮಾತಾಡೋದೇ ಸಾಕು ನಂಗೆ.”

ಪ್ಯಾಕೆಟ್ ಹಿಟ್ಟು ಬಂತು, ಮನೆಮನೆಗೆ ಸಣ್ಣ ಮಿಲ್ಲು ಬಂತು, ನಮ್ಮ ಮಿಲ್ಲು ನಿಂತಿತು. ಅದರ ಮೇಲೆ ದೊಡ್ಡ ಕತೆಯೇನೂ ಇಲ್ಲ. ಒಂದು ದಿನ ಬೆಲ್ಟು ಬಿಚ್ಚಿ ಸುತ್ತಿಟ್ಟರು. ಆಮೇಲೆ ಚಿಕ್ಕಪ್ಪ ಜಗುಲಿಯ ಮೇಲೆ ಸುಮ್ಮನೆ ಕೂರತೊಡಗಿದರು. ಕೇಳಿಸದವರಿಗೂ ನಿಶ್ಶಬ್ದ ಇರುತ್ತದೆ ಅಂತ ನನಗೆ ಗೊತ್ತಾದದ್ದು ಆಗಲೇ. ಮೈಗೆ ತಾಗುತ್ತಿದ್ದುದು ನಿಂತುಹೋಗಿತ್ತು.

ಅವರ ಮಗಳನ್ನು, ಅಂದರೆ ನನ್ನ ತಂಗಿಯನ್ನು, ಅರಕಲಗೂಡಿಗೆ ಕೊಟ್ಟಿದೆ. ಅಲ್ಲಿ ಸ್ಕೂಲಿನಲ್ಲಿ ಪಾಠ ಮಾಡುತ್ತಾಳೆ. ಅವಳ ಮನೆಯ ಕೆಳಗೆ ಒಂದು ಸೌಂಡ್ಸ್ ಅಂಗಡಿ. ಮದುವೆಗೆ, ಗಣಪತಿಗೆ ಡಿಜೆ ಬಾಕ್ಸು ಬಾಡಿಗೆಗೆ ಕೊಡುವವನು. ಚಿಕ್ಕಪ್ಪ ಒಂದು ಸಲ ಮಗಳ ಮನೆಗೆ ಹೋದಾಗ ಮಧ್ಯಾಹ್ನ ಮಲಗಿದ್ದವರು ಎದ್ದು ಕೂತರಂತೆ. ಮಂಚ ಸಣ್ಣಗೆ ನಡುಗುತ್ತಿತ್ತು. ಕೆಳಗಿಳಿದು ಹೋಗಿ ಅಂಗಡಿಯಲ್ಲಿ ಆಳೆತ್ತರದ ಬಾಕ್ಸಿನ ಎದುರಿಗೆ ಸ್ಟೂಲು ಎಳೆದುಕೊಂಡು ಕೂತರಂತೆ.

“ತಾತ, ಕಿವಿ ಹೋಯ್ತದೆ. ಅತ್ತಾಗ್ ಕೂತ್ಕಳಿ,” ಅಂತ ಅಂಗಡಿಯವನು ಕಿವಿ ಮುಟ್ಟಿ ತೋರಿಸಿದನಂತೆ.

“ಓಗಾಯ್ತು ಕಣಪ್ಪ. ನೀ ಆಕು.”

ಅಂಗೈ ಇಟ್ಟು ನೋಡಿದರು. ಟಪ್, ಟಪ್, ಟಪ್. ಮಿಲ್ಲು ಖಾಲಿ ಓಡುತ್ತಿತ್ತು.

ಬಾಕ್ಸಿನಲ್ಲಿ ಬರುತ್ತಿದ್ದುದು ಫ್ರಾನ್ಸ್ ದೇಶದ ಯಾರೋ ಒಬ್ಬ ಮಾಡಿದ ಹಾಡು. ಹಾಡೆಂದರೆ ಹಾಡಲ್ಲ, ಹೊಡೆತ, ಮೇಲೆ ಒಂದಿಷ್ಟು ಗುಂಯ್‌ಗುಡುವಿಕೆ, ನಡುವೆ ಒಬ್ಬ ಹೆಂಗಸು ಬಂದು ಎರಡು ಸಾಲು ಹೇಳಿ ಹೋಗುತ್ತಾಳೆ. ಅಂಗಡಿಯವನು ನನಗೂ ಆಮೇಲೊಮ್ಮೆ ಹೇಳಿದ: “ಇದ್ನ ಫಂಕ್ಷನ್‌ಗೆ ಹಾಕಲ್ಲ ಸಾ, ಹಾಕುದ್ರೆ ಜನ ನಮ್ಮನ್ನೇ ಒಡೀತಾರೆ. ಬಾಕ್ಸ್ ಟೆಸ್ಟಿಂಗ್‌ಗೆ ಮಡಗಿದೀನಿ. ಬೇಸು ಅಳ್ತೆ ಇಟ್ಟಂಗೆ ಬೀಳ್ತದೆ ನೋಡಿ.”

ಚಿಕ್ಕಪ್ಪ ಒಂದು ಪೆನ್ ಡ್ರೈವಿಗೆ ಅದನ್ನೆಲ್ಲ ತುಂಬಿಸಿಕೊಂಡರು. ತಂಗಿ ಒಂದು ಬೇಸ್ ಬಾಕ್ಸು ಕೊಡಿಸಿದಳು. ಅಲ್ಲಿಂದ ಶುರು. ಆ ಫ್ರಾನ್ಸಿನವನು ಅದೇ ಹಾಡನ್ನು ಮತ್ತೆ ಮತ್ತೆ ಬೇರೆ ಬೇರೆ ಥರ ಮಾಡಿ ಬಿಡುತ್ತಿದ್ದ. ಬೇರೆಯವರ ಹಾಡನ್ನೂ ತೆಗೆದುಕೊಂಡು ತನ್ನ ಥರ ಮಾಡಿ ಬಿಡುತ್ತಿದ್ದ. ಹೊಸ ಸಿನಿಮಾದ ಹಾಗೆ ಅದೂ ಶುಕ್ರವಾರವೇ ಬಿಡುಗಡೆ. ಅಂಗಡಿಯವನು ಇಳಿಸಿಕೊಂಡು ಕೊಡುವನು, ತಂಗಿ ಭಾನುವಾರ ಬಸ್ಸಿನಲ್ಲಿ ತರುವಳು.

“ಎಲ್ರೂ ಶುಕ್ರವಾರ ಲಕ್ಷ್ಮಿಗೆ ಊವ ಏರ್ಸುದ್ರೆ ಇವ್ರು ಫ್ರೆಂಚಿನೋನ್ ದಾರಿ ಕಾಯ್ತಾರೆ,” ಅಂತ ಚಿಕ್ಕವ್ವ ನನ್ನ ಹತ್ತಿರ ಗೊಣಗಿದ್ದಳು. “ಆ ಎಂಗ್ಸು ಬಾಯ್ ಬಡ್ಕಳದ್ನ ಕೇಳಿ ಕೇಳಿ ನನ್ ತಲೆ ಚಿಟ್ಟಿಡಿದದೆ ಮಗ. ಅವ್ರಿಗೇನು, ಕೇಳಾಕಿಲ್ಲ.”

ನಿಜ. ಚಿಕ್ಕಪ್ಪನಿಗೆ ಆ ಹೆಂಗಸು ಇರಲೇ ಇಲ್ಲ. ಅವರಿಗೆ ಬರುತ್ತಿದ್ದುದು ಹೊಡೆತ ಮಾತ್ರ. ಚಿಕ್ಕವ್ವನಿಗೆ ಹೊಡೆತ ಮಿಲ್ಲಿನ ಕಾಲದಿಂದ ಅಭ್ಯಾಸವಾಗಿ ಕೇಳಿಸುತ್ತಲೇ ಇರಲಿಲ್ಲ. ಅವಳಿಗೆ ಕೇಳುತ್ತಿದ್ದುದು ಆ ಹೆಂಗಸು ಮಾತ್ರ. ಒಂದೇ ಬಾಕ್ಸಿನಿಂದ ಗಂಡ ಹೆಂಡತಿ ಬೇರೆ ಬೇರೆ ಹಾಡು ಕೇಳುತ್ತಿದ್ದರು.

ನಾನೊಮ್ಮೆ, “ಎಲ್ಲಾ ಒಂದೇ ಅಲ್ವಾ ಚಿಕ್ಕಪ್ಪ?” ಅಂತ ಎದುರಿಗೆ ಕೂತು ಕಿರುಚಿದೆ. ತುಟಿ ನೋಡಿ ತಿಳಿದುಕೊಂಡರು.

“ರಾಗಿ ಒಂದೇ ಕಣ್ಲಾ. ಮುದ್ದೆಗೆ ಬೀಸೋದು ಒಂದು ಹದ, ರೊಟ್ಟಿಗೊಂದು ಹದ, ಕೂಸಿನ ಸರಿಗೆ ಇನ್ನೊಂದು ಹದ. ಇವ್ನೂ ಅಂಗೇ ಬೀಸ್ತಾವ್ನೆ. ಕಸುಬು ಗೊತ್ತು ಬಡ್ಡೀಮಗಂಗೆ.”

ಚಿಕ್ಕಪ್ಪ ತೀರಿಕೊಂಡ ದಿನ ನಾನು ಅಂಗಡಿಯಲ್ಲಿದ್ದೆ. ತಂಗಿ ಫೋನ್ ಮಾಡಿ, “ಅಣ್ಣ, ಅಪ್ಪ ಊಟ ಮಾಡಿ ಮಲಗಿದ್ರಂತೆ, ಏಳ್ಲಿಲ್ವಂತೆ,” ಅಂದಳು. ಸರಿ, ಬರ್ತೀನಿ ಅಂದೆ. ಫೋನ್ ಇಟ್ಟು, ಎದುರಿಗೆ ನಿಂತಿದ್ದವರ ಆಧಾರ್ ಕಾರ್ಡನ್ನು ಹಿಂದೆ ಮುಂದೆ ಎರಡೂ ಕಡೆ ಒಂದೇ ಹಾಳೆಯಲ್ಲಿ ಬರುವಂತೆ ನೀಟಾಗಿ ಕಾಪಿ ತೆಗೆದುಕೊಟ್ಟೆ. ಶಟರ್ ಎಳೆದೆ. ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಸಿಕ್ಕಿದ್ದಕ್ಕೆ ಖುಷಿಯೂ ಆಯಿತು. ಬಹಳ ಹೊತ್ತು ಚಕ್ಕಂಬಕ್ಕಲು ಹಾಕಿ ಕೂತರೆ ಕಾಲು ಜೋಮು ಹಿಡಿಯುವುದಿಲ್ಲವೆ, ಮುಟ್ಟಿದರೆ ಬೇರೆ ಯಾರದೋ ಕಾಲನ್ನು ಮುಟ್ಟಿದ ಹಾಗೆ. ಆವತ್ತಿನಿಂದ ನನ್ನ ಒಳಗೆಲ್ಲ ಹಾಗೇ ಇತ್ತು. ಜನ ಹೇಳಿದ್ದನ್ನು ಮಾಡುತ್ತಿದ್ದೆ. ಚಟ್ಟ ಕಟ್ಟು ಅಂದರೆ ಕಟ್ಟಿದೆ, ಹೆಗಲು ಕೊಡು ಅಂದರೆ ಕೊಟ್ಟೆ.

ನೀರಿನ ಚಾನಲ್ಲಿನ ಪಕ್ಕದ ನಮ್ಮ ತೆಂಗಿನ ತೋಟದಲ್ಲಿ ಗುಣಿ ತೆಗೆದಿದ್ದರು. ನಮ್ಮಲ್ಲಿ ಹೋದವರ ಜೊತೆ ಅವರಿಗೆ ಇಷ್ಟವಾದದ್ದನ್ನು ಇಟ್ಟು ಕಳಿಸುತ್ತಾರೆ. ಎಲೆ ಅಡಿಕೆ ಇಟ್ಟರು, ಹೊಗೆಸೊಪ್ಪು ಇಟ್ಟರು. ಯಾರೋ ಜೇಬು ತಡವಿ ಕಿವಿಯ ಮೆಷಿನ್ನು ಕಂಡು ಅದೂ ಇರಲಿ ಅಂದರು. “ಅದ್ ಬ್ಯಾಡ, ತೆಗೀರಿ, ಅವ್ರಿಗಾಗ್ತಿರ್ಲಿಲ್ಲ,” ಅಂದಳು ಚಿಕ್ಕವ್ವ, ಊಟದಲ್ಲಿ ಮೆಣಸಿನಕಾಯಿ ಬೇಡ ಅನ್ನುವಂತೆ. ತಂಗಿ ಸೆರಗಿನ ಗಂಟಿನಿಂದ ಪೆನ್ ಡ್ರೈವು ತೆಗೆದು ಚಿಕ್ಕಪ್ಪನ ಅಂಗಿಯ ಮೇಲಿನ ಜೇಬಿಗೆ ಹಾಕಿ ಗುಂಡಿ ಹಾಕಿದಳು. ಒಳ್ಳೆಯದು ಮಾಡಿದೆ ಅಂದರು ಎಲ್ಲರೂ. ಮಣ್ಣು ಎಳೆದೆವು.

ಮೂರನೇ ದಿನ ಗುಣಿಯ ಮೇಲೆ ಹಾಲುತುಪ್ಪ ಬಿಟ್ಟು ಬಂದ ಮೇಲೆ, ಜಗುಲಿಯಲ್ಲಿ ತಿಥಿಯ ಮಾತು ಎತ್ತಿದವಳು ದೊಡ್ಡತ್ತೆ, ಚಿಕ್ಕಪ್ಪನ ಅಕ್ಕ. ಇಂಥದ್ದರಲ್ಲೆಲ್ಲ ಅವಳದೇ ಯಜಮಾನಿಕೆ. ತಿಥಿಯ ದಿನ ಫೋಟೋದ ಮುಂದೆ ಎಲೆ ಹಾಕಿ, ಹೋದವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಎಡೆ ಇಡಬೇಕು. ಇಟ್ಟು, ಬಾಗಿಲು ಹಾಕಿಕೊಂಡು ಎಲ್ಲರೂ ಈಚೆ ಬಂದು ನಿಲ್ಲಬೇಕು. ಹೋದವರು ಬಂದು ಉಂಡು ಹೋಗಲಿ ಅಂತ ಅಷ್ಟು ಹೊತ್ತು ಬಿಟ್ಟು, ಆಮೇಲೆ ಬಾಗಿಲು ತೆಗೆಯುವುದು.

“ಮುದ್ದೆ, ನಾಟಿಕೋಳಿ ಸಾರು, ಕಜ್ಜಾಯ. ಇನ್ನೇನ್ ಆಸೆ ಇತ್ತಮ್ಮಯ್ಯ ನನ್ ತಮ್ಮಂಗೆ?”

ಚಿಕ್ಕವ್ವ ಕಂಬಕ್ಕೆ ಒರಗಿ ಕೂತಿದ್ದಳು. ಇಷ್ಟು ದಿನ ಅವಳು ಅತ್ತಿರಲಿಲ್ಲ. ಅತ್ತುಬಿಡಲಿ ಅಂತ ಬಂದವರೆಲ್ಲ ಕಾಯುತ್ತಿದ್ದರು. ಸಾಧಾರಣ ದನಿಯಲ್ಲಿ ಹೇಳಿದಳು:

“ಆವತ್ತು ಕೂತು ಕೇಳ್ತಾ ಇದ್ರು. ಮುದ್ದೆ ಆರೋಯ್ತದೆ, ಬನ್ನಿ ಬನ್ನಿ ಅಂತ ಸನ್ನೆ ಮಾಡ್ದೆ. ಏಳ್ಲಿಲ್ಲ. ವೋಗಿ ಪ್ಲಗ್ ಕಿತ್ತಾಕ್ಬುಟ್ಟೆ. ಇನ್ನೂ ಅರ್ಧನೂ ಆಗಿರ್ಲಿಲ್ಲ. ಏನೂ ಅನ್ಲಿಲ್ಲ, ಎದ್ ಬಂದು ಉಂಡ್ರು, ಮನೀಕಂಡ್ರು.” ನನ್ನ ಕಡೆ ತಿರುಗಿದಳು. “ಆ ಹಾಡು ಪೂರ್ತಿ ಆಗ್ಬೇಕು ಮಗ. ಎಡೆ ಜೊತೆಗೆ ಅದ್ನೂ ಇಡು. ಅದನ್ನೇ. ಇನ್ನೊಂದಲ್ಲ.”

“ಯಾವ್ ಹಾಡು?” ಅಂದಳು ದೊಡ್ಡತ್ತೆ.

“ಫ್ರೆಂಚಿನೋನ್ದು ಅತ್ತೆ,” ಅಂದೆ.

“ಫ್ರೆಂಚ್ ರಾಕ್ಸಿನೋನಾ? ಅಲ್ಲಿ ನಮ್ಮೋರು ಭಾಳ ಜನ ಅವ್ರಲ್ಲ. ಯಾರ್ ಮಗ?”

ಪಾಂಡವಪುರಕ್ಕೆ ಹಳಬರು ಈಗಲೂ ಅದೇ ಹೆಸರು ಹೇಳುತ್ತಾರೆ. ಇದು ಬೇರೆ ದೇಶ ಅಂತ ಬಿಡಿಸಿ ಹೇಳಿದೆ. “ಬಿಳಿಯೋನಾ! ನನ್ ತಮ್ಮ ಮೈಸೂರ್ ದಾಟಿ ಹೋದೋನಲ್ಲ,” ಅಂತ ದೊಡ್ಡತ್ತೆ ಮೂಗಿನ ಮೇಲೆ ಬೆರಳಿಟ್ಟಳು. ಆಮೇಲೆ, “ಆಯ್ತು, ಇಡಿ. ಎಲ್ಲದೆ ಅದು?” ಅಂದಳು.

ಎಲ್ಲರೂ ತಂಗಿಯ ಕಡೆ ನೋಡಿದರು. ತಂಗಿ ತೋಟದ ಕಡೆ ನೋಡಿದಳು.

“ಅಗ್ದು ತೆಗೆಯೋಂಗಿಲ್ವಾ?” ಅಂತ ದೊಡ್ಡತ್ತೆ ಕೇಳಿದ್ದು ತಮಾಷೆಗಲ್ಲ. ತಂಗಿ ಬಿಕ್ಕಿ ಅಳತೊಡಗಿದಳು. ಚಿಕ್ಕವ್ವ ಅವಳ ಬೆನ್ನು ಸವರುತ್ತಾ, “ಸುಮ್ಕಿರು ಮಗ, ನೀ ಇಟ್ಟಿದ್ ಸರಿನೇ. ಅಣ್ಣ ಉಡುಕ್ತಾನೆ,” ಅಂದಳು. ಹಾಗೆ ಅದು ನನ್ನ ತಲೆಗೆ ಬಂತು.

ಆ ಹಾಡಿನಲ್ಲಿ ಎಷ್ಟು ಥರದ್ದಿವೆ ಅಂತ ನನಗೆ ಗೊತ್ತಿತ್ತು. ಮನೆಯಲ್ಲೇ ಒಂದೊಂದನ್ನೂ ಹಾಕಿ ಚಿಕ್ಕವ್ವನಿಗೆ ಕೇಳಿಸಿದರೆ ಕೆಲಸ ಸುಲಭ. ಆದರೆ ದೊಡ್ಡತ್ತೆ ಬಿಡಲಿಲ್ಲ. ಸೂತಕದ ಮನೆ, ತಿಥಿಯವರೆಗೆ ಟಿವಿ ಕೂಡ ಹಾಕುವಂತಿಲ್ಲ.

“ಚಿಕ್ಕವ್ವ, ಗುರುತು ಹೇಳು. ಪ್ಲಗ್ ಕಿತ್ತಾಗ ಹಾಡು ಎಲ್ಲಿಗ್ ಬಂದಿತ್ತು?”

ಅವಳು ಒಂದೊಂದೇ ಬೆರಳು ಮಡಿಸುತ್ತಾ ಹೇಳಿದಳು. “ಹಾಕಂಡು ಕೂತ್ರು. ನಾ ಅಷ್ಟ್ರಲ್ಲಿ ಮುದ್ದೆ ಕಟ್ಟಿ, ಕೋಲು ತೊಳ್ದಿಟ್ಟು, ತಟ್ಟೆ ಆಕ್ದೆ. ಅಷ್ಟಾದ್ರೂ ಆ ಎಂಗ್ಸು ಇನ್ನೂ ಬಾಯ್ ಬಿಟ್ಟಿರ್ಲಿಲ್ಲ. ಇವತ್ಯಾಕೆ ಇವಳು ಬರ್ಲೇ ಇಲ್ವಲ್ಲ ಅಂದ್ಕಂಡೆ. ಅಷ್ಟೇ ಗ್ಯಾಪ್ಕ.”

ಅಷ್ಟು ಗುರುತು ಕಟ್ಟಿಕೊಂಡು ತಂಗಿಯ ಜೊತೆ ಅರಕಲಗೂಡಿನ ಬಸ್ಸು ಹತ್ತಿದೆ. ಕಂಡಕ್ಟರು ಚಿಕ್ಕಪ್ಪನನ್ನು ಕಂಡಿದ್ದವನು. ವಿಷಯ ಕೇಳಿ ಲೊಚಗುಟ್ಟಿದ. ಹೂಂ ಅಂದೆ. ಬೇರೆಯವರ ಮನೆಯ ಸುದ್ದಿ ಕೇಳಿದ ಹಾಗಿತ್ತು.

ಸೌಂಡ್ಸ್ ಅಂಗಡಿಯವನು ಸ್ಟೂಲು ಎಳೆದುಕೊಟ್ಟ. “ತಾತ ಇದ್ರಲ್ಲೇ ಕೂತ್ಕಳೋರು ಸಾ,” ಅಂದ. ಕಂಪ್ಯೂಟರಿನಲ್ಲಿ ನೋಡಿದರೆ ಒಂದೇ ಹೆಸರಿನ ಕೆಳಗೆ ಸಾಲು ಸಾಲು. ರೇಡಿಯೋಗೆ ಅಂತ ಕತ್ತರಿಸಿದ ಚಿಕ್ಕದು, ಕ್ಲಬ್ಬಿಗೆ ಅಂತ ಉದ್ದ ಮಾಡಿದ್ದು, ಅವನ ಸ್ನೇಹಿತರು ಮಾಡಿದ್ದು, ಸ್ನೇಹಿತರು ಮಾಡಿದ್ದನ್ನು ಮತ್ತೆ ಇವನು ಮಾಡಿದ್ದು.

“ಎಲ್ಲಾನೂ ಹಾಕು,” ಅಂದೆ.

ಒಂದೊಂದನ್ನೂ ಹಾಕಿದ. ನಾನು ಚಿಕ್ಕಪ್ಪನ ಹಾಗೆ ಬಾಕ್ಸಿನ ಮೇಲೆ ಅಂಗೈ ಇಟ್ಟು ಕೂತೆ. ಅದರ ನಡುಕ ಮೊಣಕೈಯವರೆಗೆ ಬರುತ್ತಿತ್ತು, ಅಲ್ಲಿಗೆ ನಿಲ್ಲುತ್ತಿತ್ತು. ಚಿಕ್ಕದರಲ್ಲಿ ಆ ಹೆಂಗಸು ಶುರುವಿಗೇ ಬಂದುಬಿಟ್ಟಳು. ಬೇಡ. ಇನ್ನೊಂದರಲ್ಲಿ ಮುದ್ದೆಗೆ ಹಿಟ್ಟು ಹಾಕುವಷ್ಟರಲ್ಲಿ ಬಂದಳು. ಬೇಡ. ತಂಗಿ ಗಾಳಿಯಲ್ಲೇ ಮುದ್ದೆ ತಿರುವಿ, ಕಟ್ಟಿ, ಕೋಲು ತೊಳೆದು ಇಡುವುದನ್ನೆಲ್ಲ ಮಾಡಿ ತೋರಿಸುತ್ತಾ ಲೆಕ್ಕ ಹಿಡಿಯುತ್ತಿದ್ದಳು. ಅಂಗಡಿಯವನು ಅವಳನ್ನೂ ನನ್ನನ್ನೂ ನೋಡಿ, “ಅಕ್ಕ, ಏನಿದು?” ಅಂದ.

“ಅಡಿಗೆ ಮಾಡ್ತಿದೀನಿ. ನೀ ಹಾಕು.”

ಕೊನೆಗೆ ಎರಡು ಉಳಿದವು. ಎರಡೂ ಉದ್ದದವು, ಎರಡರಲ್ಲೂ ಶುರುವಿನಲ್ಲಿ ಬರೀ ಹೊಡೆತ. ಒಂದರಲ್ಲಿ, ಇನ್ನು ಬರುವುದೇ ಇಲ್ಲ ಅಂದುಕೊಳ್ಳುವ ಹೊತ್ತಿಗೆ ಹೆಂಗಸು ಬರುತ್ತಾಳೆ. ಇನ್ನೊಂದರಲ್ಲಿ ಅವಳು ಕೊನೆಯವರೆಗೂ ಬರುವುದಿಲ್ಲ. ಅವಳನ್ನು ತೆಗೆದೇ ಹಾಕಿದ್ದಾರೆ.

“ತಾತಂಗೆ ಎರಡೂ ಒಂದೇ ದಿನ ಹಾಕ್ಕೊಟ್ಟಿದ್ದು ಸಾ,” ಅಂದ ಅಂಗಡಿಯವನು. “ಆವತ್ತು ಯಾವ್ದು ಹಾಕಂಡಿದ್ರೋ ಯಾರಿಗ್ಗೊತ್ತು.”

“ಬರದೇ ಇರೋದನ್ನೇ ತಗೊ ಅಣ್ಣ,” ಅಂದಳು ತಂಗಿ. “ಅಪ್ಪಂಗೆ ಆಕೆ ಕೇಳಿಸ್ತಾನೇ ಇರ್ಲಿಲ್ಲ. ಅಪ್ಪಂದು ಇದೇ.”

ಅದೂ ಸರಿಯೇ. ಆದರೆ ಚಿಕ್ಕಪ್ಪನಿಗೆ ಅವಳು ಕೇಳಿಸದ ಮೇಲೆ ಅವರಿಗೆ ಎರಡೂ ಒಂದೇ. ಬಾಗಿಲಿನ ಈಚೆ ನಿಲ್ಲುವವಳು ಚಿಕ್ಕವ್ವ. ಅವಳು ಪ್ಲಗ್ ಕಿತ್ತ ಜಾಗವನ್ನು ಹಾಡು ದಾಟಿತು ಅಂತ ಅವಳಿಗೆ ಗೊತ್ತಾಗುವುದು ಹೇಗೆ? ಆ ಹೆಂಗಸು ಬಂದರೆ ತಾನೆ. ಇದನ್ನು ತಂಗಿಗೆ ಹೇಳಿದೆ. ಅವಳು ಕಣ್ಣೊರೆಸಿಕೊಂಡು, “ಹಂಗಾದ್ರೆ ಅದೇ ಇರ್ಲಿ,” ಅಂದಳು. ಹೊಸ ಪೆನ್ ಡ್ರೈವಿಗೆ ಅದೊಂದನ್ನೇ ಹಾಕಿಸಿಕೊಂಡು ಬಂದೆವು.

ತಿಥಿಯ ದಿನ ಬೆಳಿಗ್ಗೆಯೇ ಒಂದು ರಂಪ ಆಯಿತು. ನಮ್ಮ ಕಡೆ ಎಡೆಯ ಪಕ್ಕ ಒಂದು ಹರಿವಾಣದಲ್ಲಿ ರಾಗಿ ಹಿಟ್ಟನ್ನು ತೆಳ್ಳಗೆ ಜರಡಿ ಹಿಡಿದು ಇಡುತ್ತಾರೆ. ಬಾಗಿಲು ತೆಗೆದ ಮೇಲೆ ಆ ಹಿಟ್ಟಿನ ಮೇಲೆ ಏನಾದರೂ ಗುರುತು ಮೂಡಿದ್ದರೆ ಹೋದವರು ಬಂದಿದ್ದರು ಅಂತ ಲೆಕ್ಕ. ದೊಡ್ಡತ್ತೆ ಹಿಟ್ಟಿನ ಡಬ್ಬಕ್ಕೆ ಕೈ ಹಾಕಿ ಎರಡು ಬೆರಳಲ್ಲಿ ಉಜ್ಜಿ ನೋಡಿ, “ಇದೇನ್ಲಾ ಇದು?” ಅಂದಳು.

“ಪ್ಯಾಕೆಟ್ ಹಿಟ್ಟು ಅತ್ತೆ.”

“ಥೂ ನಿನ್ನ. ಮಿಲ್ಲಿನೋನ್ ತಿಥಿಗೆ ಪ್ಯಾಕೆಟ್ ಹಿಟ್ಟಾ? ಬಂದೋನು ಬಾಗ್ಲಲ್ಲೇ ತಿರಿಕ್ಕಂಡು ಓಯ್ತಾನೆ.”

ಊರಲ್ಲಿ ಉಳಿದಿದ್ದ ಒಂದೇ ಮಿಲ್ಲು ಚಿಕ್ಕಪ್ಪನ ಎದುರಾಳಿಯದು. ಅವರಿಬ್ಬರಿಗೂ ಮಾತಿರಲಿಲ್ಲ. ರಾಗಿ ತೆಗೆದುಕೊಂಡು ಹೋದೆ. ಯಾರ ಮನೆಗೆ, ಯಾಕೆ ಅಂತ ಅವರು ಕೇಳಲಿಲ್ಲ; ಸಾಲಿನಲ್ಲಿದ್ದ ಡಬ್ಬಗಳನ್ನು ಪಕ್ಕಕ್ಕೆ ಸರಿಸಿ ಮೊದಲು ನಮ್ಮದನ್ನೇ ಬೀಸಿಕೊಟ್ಟರು. ಬಿಸಿ ಹಿಟ್ಟು. ಅದೇ ಹಳೆಯ ವಾಸನೆ. ಡಬ್ಬ ಬಿಸಿಯಿದೆ, ಟವೆಲ್ ಸುತ್ತಿ ಹಿಡಿಯಬೇಕು ಅನ್ನುವುದಷ್ಟೇ ತಲೆಗೆ ಬಂತು.

ಫೋಟೋ ಇಡಲು ಮಿಲ್ಲಿನಿಂದ ಆ ಹಳೆಯ ಉದ್ದ ಹಲಗೆಯನ್ನೇ ಬಿಚ್ಚಿ ತಂದೆವು. ನಾಲ್ಕು ಇಟ್ಟಿಗೆ ಕೊಟ್ಟು ಗೋಡೆಗೆ ಹಾಕಿ, ನಡುವೆ ಫೋಟೋ, ಒಂದು ತುದಿಗೆ ಬೇಸ್ ಬಾಕ್ಸು, ಇನ್ನೊಂದು ತುದಿಗೆ ಹಿಟ್ಟಿನ ಹರಿವಾಣ. ಕೆಳಗೆ ಎಲೆ ಹಾಕಿ ಮುದ್ದೆ, ಸಾರು, ಕಜ್ಜಾಯ ಬಡಿಸಿದರು. ಗಂಧದಕಡ್ಡಿ ಹಚ್ಚಿದರು. ಎಲ್ಲರೂ ಕೈಮುಗಿದು ಈಚೆ ಬಂದ ಮೇಲೆ ನಾನು ಪ್ಲಗ್ಗು ಹಾಕಿ, ಸ್ವಿಚ್ಚು ಒತ್ತಿ, ಹಿಂದೆ ಹಿಂದೆ ನಡೆದು ಬಂದು ಬಾಗಿಲು ಎಳೆದುಕೊಂಡೆ.

ಟಪ್. ಟಪ್. ಟಪ್.

ನಡುಮನೆಯಲ್ಲಿ ನೆಂಟರೆಲ್ಲ ಮುಚ್ಚಿದ ಬಾಗಿಲಿಗೆ ಮುಖ ಮಾಡಿ ನಿಂತಿದ್ದರು. ಒಳಗೆ ಯಾರೂ ಇಲ್ಲ. ಬಾಗಿಲಿನ ಚಿಲಕ ಸಣ್ಣಗೆ ಕಿಣಿಗುಡುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ದೊಡ್ಡತ್ತೆ ನನ್ನ ಪಕ್ಕೆ ತಿವಿದಳು. “ಹಾಡು ಯಾವಾಗ್ಲಾ ಶುರುವಾಗೋದು?”

“ಇದೇ ಹಾಡು ಅತ್ತೆ.”

“ಯಾರೋ ಕೌದಿ ಒಗ್ದಂಗದೆ.”

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಚಿಕ್ಕವ್ವ ನಗಲಿಲ್ಲ. ಬಾಗಿಲಿಗೆ ಎಲ್ಲರಿಗಿಂತ ಹತ್ತಿರ ನಿಂತಿದ್ದಳು. ಎರಡೂ ಕೈ ಸೆರಗಿನಲ್ಲಿದ್ದವು. ಹೊಡೆತ ಬೀಳುತ್ತಲೇ ಇತ್ತು. ಮುದ್ದೆ ಕಟ್ಟುವಷ್ಟು ಹೊತ್ತು ಆಯಿತು. ಕೋಲು ತೊಳೆಯುವಷ್ಟು ಹೊತ್ತು ಆಯಿತು. ತಟ್ಟೆ ಹಾಕುವಷ್ಟು ಹೊತ್ತೂ ಆಯಿತು. ತಂಗಿ ನನ್ನ ತೋಳು ಹಿಡಿದುಕೊಂಡಳು. ಕರೆಂಟು ಹೋಗದಿದ್ದರೆ ಸಾಕು ಅಂತ ನಾನು ಬಾಗಿಲ ಮೇಲಿನ ಬಲ್ಬನ್ನೇ ನೋಡುತ್ತಿದ್ದೆ.

ಆ ಹೆಂಗಸು ಬಂದಳು. ಬಾಗಿಲಿನ ಆಚೆಯಿಂದ ಸಣ್ಣ ದನಿಯಲ್ಲಿ, ಯಾವ ಭಾಷೆಯೋ ಏನೋ, ಅವೇ ಎರಡು ಸಾಲು.

“ಬಂದ್ಲು,” ಅಂದಳು ಚಿಕ್ಕವ್ವ.

ಅಷ್ಟೇ. ಯಾರಿಗೂ ಹೇಳಿದ್ದಲ್ಲ. ಅಳುತ್ತಾಳೆ ಅಂತ ದೊಡ್ಡತ್ತೆ ಅವಳ ಹೆಗಲಿಗೆ ಕೈ ಚಾಚಿದಳು; ಅಳಲಿಲ್ಲ. ಹಾಡು ಮುಗಿಯುವವರೆಗೂ ಹಾಗೇ ನಿಂತಿದ್ದಳು. ಹೆಂಗಸು ಹೋದಳು, ಮತ್ತೆ ಬರೀ ಹೊಡೆತ ಬಹಳ ಹೊತ್ತು, ಆಮೇಲೆ ಅದೂ ನಿಂತಿತು. ಚಿಲಕ ಸುಮ್ಮನಾಯಿತು. ಕರೆಂಟು ಹೋದಾಗ ಮಿಲ್ಲಿನಲ್ಲಿ ಆಗುತ್ತಿತ್ತಲ್ಲ, ಅದೇ ಥರ ಯಾರದೋ ಅರ್ಧ ಮಾತು ಮನೆಗೆಲ್ಲ ಕೇಳಿಬಿಟ್ಟಿತು.

ಬಾಗಿಲು ತೆಗೆದೆವು. ದೊಡ್ಡತ್ತೆಯೇ ಮೊದಲು ನುಗ್ಗಿದವಳು.

“ಬಂದಿದ್ದ ಕಣ್ರೋ! ನನ್ ತಮ್ಮ ಬಂದಿದ್ದ! ನೋಡ್ ಬನ್ರೋ!”

ಹರಿವಾಣದ ತುಂಬಾ ಗೆರೆಗಳು. ತೆಳ್ಳಗೆ ಹರಡಿದ್ದ ಹಿಟ್ಟು ಸರಿದು ಸರಿದು, ಅಲೆಅಲೆಯಾಗಿ ಒಂದರ ಹಿಂದೆ ಒಂದು ನಿಂತಿತ್ತು. ನೆಂಟರು ಒಬ್ಬರ ಹೆಗಲ ಮೇಲೆ ಒಬ್ಬರು ಬಗ್ಗಿ ನೋಡಿದರು. ಹಾವು ಹರಿದ ಗುರುತು ಅಂತ ಒಬ್ಬರು, ಅಲ್ಲ, ಹಕ್ಕಿಯ ಹೆಜ್ಜೆ ಅಂತ ಇನ್ನೊಬ್ಬರು. “ಹಕ್ಕಿ ಎಲ್ಲಾದ್ರೂ ಇಷ್ಟುದ್ದ ನಡೀತದಾ, ತಲೆ ಅದಾ ನಿಂಗೆ?” ಅಂತ ಮೊದಲಿನವರು. ನನಗೆ ಗೊತ್ತಿತ್ತು, ಹಲಗೆಯ ಆ ತುದಿಯ ಬೇಸು ಈ ತುದಿಯ ಹಿಟ್ಟನ್ನು ಅಲ್ಲಾಡಿಸಿದೆ ಅಂತ. ಹೇಳಲು ಬಾಯಿ ತೆಗೆದೆ. ತಂಗಿ ಕಣ್ಣಲ್ಲೇ ಬೇಡ ಅಂದಳು.

ಚಿಕ್ಕವ್ವ ಜನರನ್ನು ಸರಿಸಿ ಬಂದು ನೋಡಿದಳು.

“ಹೆಜ್ಜೆನೂ ಅಲ್ಲ, ಹಾವೂ ಅಲ್ಲ. ಮಿಲ್ಲಿನ ಹಲಗೆ ಮೇಲೆ ಹಿಟ್ಟು ದಿನಾ ಹಿಂಗೇ ಕೂತಿರ್ತಿತ್ತು,” ಅಂದಳು. ನನ್ನ ಕಡೆ ತಿರುಗಿ, “ಪೂರ್ತಿ ಆಯ್ತಾ ಮಗ?”

“ಆಯ್ತು ಚಿಕ್ಕವ್ವ. ಕೊನೇವರ್ಗೂ ಓಡ್ತು.”

“ಸರಿಯಾದ್ದೇ ತಂದಿದೀಯ.”

ಆ ಎರಡರಲ್ಲಿ ಇನ್ನೊಂದನ್ನು ಹಾಕಿದ್ದರೂ, ಯಾವುದನ್ನು ಹಾಕಿದ್ದರೂ ಹಿಟ್ಟು ಹೀಗೇ ಗೆರೆ ಬೀಳುತ್ತಿತ್ತೋ ಏನೋ. ಅವಳು ಅಷ್ಟರಲ್ಲಿ ಹರಿವಾಣ ಎತ್ತಿಕೊಂಡಿದ್ದಳು. ಅಂಗೈಯ ಅಂಚಿನಿಂದ ಒಂದೇ ಸಲಕ್ಕೆ ಗೆರೆಗಳನ್ನೆಲ್ಲ ಒರೆಸಿ ಹಿಟ್ಟನ್ನು ಡಬ್ಬಕ್ಕೆ ತಳ್ಳಿದಳು. ದೊಡ್ಡತ್ತೆ, “ಅಯ್ಯೋ, ಯಾರೂ ಇನ್ನೂ ಸರಿಯಾಗ್ ನೋಡೇ ಇಲ್ಲ!” ಅಂತ ಹಣೆ ಚಚ್ಚಿಕೊಂಡಳು. “ನೋಡಕ್ಕೇನದೆ, ಎಲೆ ಆಕ್ರಿ, ಜನ ಹಸ್ದವ್ರೆ,” ಅಂದಳು ಚಿಕ್ಕವ್ವ.

ಪಂಕ್ತಿಯಲ್ಲಿ ಕೂತೆ. ಬಡಿಸಿದ್ದನ್ನು ಉಂಡೆ. ಚೆನ್ನಾಗಿತ್ತು. ಆವತ್ತೂ ನನಗೆ ಅಳು ಬರಲಿಲ್ಲ, ಆಮೇಲೂ ಬಂದಿಲ್ಲ. ಬಾಕ್ಸನ್ನು ಎತ್ತಿಡುವಾಗ ಅದು ಇನ್ನೂ ಬೆಚ್ಚಗಿತ್ತು, ಅಷ್ಟು ಗೊತ್ತಾಯಿತು.

ಚನ್ನರಾಯಪಟ್ಟಣಕ್ಕೆ ವಾಪಸು ಬಂದು ಅಂಗಡಿ ತೆಗೆದೆ. ಒಂದು ಶುಕ್ರವಾರ ಅರಕಲಗೂಡಿನ ಅಂಗಡಿಯವನ ಮೆಸೇಜು ಬಂತು: ಫ್ರಾನ್ಸಿನವನು ಅದೇ ಹಾಡನ್ನು ಮತ್ತೆ ಬೇರೆ ಥರ ಮಾಡಿ ಬಿಟ್ಟಿದ್ದಾನೆ. ಯಾರಿಗೆ ಕಳಿಸಬೇಕು ಅಂತ ಅವನಿಗೂ ಗೊತ್ತಾಗಿರಲಿಲ್ಲ, ನನಗೆ ಕಳಿಸಿದ್ದ. ಮೆಷಿನ್ನು ನಿಲ್ಲಿಸಿ ಚಿಕ್ಕವ್ವನಿಗೆ ಫೋನ್ ಮಾಡಿದೆ. ನಮ್ಮ ಮನೆಯವರ ಹಾಗೇ, ಬೀದಿಗೆಲ್ಲ ಕೇಳುವಂತೆ ಹೇಳಿದೆ:

“ಚಿಕ್ಕವ್ವ, ಫ್ರೆಂಚಿನೋನು ಹೊಸಾದು ಬಿಟ್ಟವ್ನೆ.”

ಆ ಕಡೆ ಪಾತ್ರೆಯ ಸದ್ದು ಕೇಳಿತು. ನಲ್ಲಿ ನಿಲ್ಲಿಸಿದಳು.

“ಈಗ್ಲೇ ಹಾಕ್ಬ್ಯಾಡ,” ಅಂದಳು. “ಮಾರ್ನಮೀಲಿ ಹಿರೀಕರ ಎಡೆಗೆ ಬೇಕಾಯ್ತದೆ, ಎತ್ತಿಕ್ಕು.”